ಹಳೆಯ ಕಾರಿನ ಸಸ್ಪೆನ್ಷನ್: ಯಾವ ಬೋಲ್ಟಿಗೆ ಎಷ್ಟು ಬಿಗಿ ಎಂದು ತಿಳಿಯುವುದು ಹೇಗೆ?

15 ವರ್ಷ ತುಂಬಿದ ಖಾಸಗಿ ಕಾರನ್ನು ರಸ್ತೆಯ ಮೇಲೆ ಉಳಿಸಿಕೊಳ್ಳಬೇಕಾದರೆ ಆರ್‌ಟಿಒ ಕಚೇರಿಯಲ್ಲಿ ಗಾಡಿ ತೋರಿಸಿ ನೋಂದಣಿ ನವೀಕರಿಸಿಕೊಳ್ಳಬೇಕು. 2022ರ ಏಪ್ರಿಲ್‌ನಲ್ಲಿ ಆ ಶುಲ್ಕ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. ಅಷ್ಟನ್ನೂ ಕಟ್ಟಿ ಮಾರುತಿ 800, ಝೆನ್, ಎಸ್ಟೀಮ್, ಅಂಬಾಸಿಡರ್‌ಗಳನ್ನು ಉಳಿಸಿಕೊಂಡವರು ನಮ್ಮಲ್ಲಿ ಕಡಿಮೆಯೇನಿಲ್ಲ. ಇಂಥ ಕಾರುಗಳಲ್ಲಿ ಬಂದೇ ಬರುವ ಕೆಲಸವೆಂದರೆ ಸಸ್ಪೆನ್ಷನ್, ಅಂದರೆ ಚಕ್ರಗಳನ್ನು ಕಾರಿನ ದೇಹಕ್ಕೆ ಜೋಡಿಸಿ ರಸ್ತೆಯ ಹೊಡೆತ ತಗ್ಗಿಸುವ ಭಾಗಗಳದು. ಗುಂಡಿಗೆ ಇಳಿದಾಗ ‘ಟಕ್’ ಎನ್ನುವ ಸದ್ದು, ಒಳಬದಿಯಲ್ಲಿ ಮಾತ್ರ ಸವೆಯುವ ಟೈರ್, ಒಂದು ಕಡೆಗೆ ಎಳೆಯುವ ಸ್ಟೀರಿಂಗ್ ಇದರ ಸೂಚನೆಗಳು. ಶಾಕ್ ಅಬ್ಸಾರ್ಬರ್, ಬುಷ್ (ಕೀಲಿನ ರಬ್ಬರ್ ಮೆತ್ತೆ), ಬಾಲ್ ಜಾಯಿಂಟ್‌ಗಳು (ಹಲವು ದಿಕ್ಕಿಗೆ ಆಡುವ ಗುಂಡು ಕೀಲು) ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಸಿಗುತ್ತವೆ. ಬಿಡಿಭಾಗ ಕೈಗೆ ಬಂದ ಮೇಲೆ ಏಳುವ ಪ್ರಶ್ನೆ ಬೇರೆ: ಇದರ ಬೋಲ್ಟನ್ನು ಎಷ್ಟು ಬಿಗಿಯಬೇಕು?

ಬಹಳಷ್ಟು ಗ್ಯಾರೇಜುಗಳಲ್ಲಿ ಇದಕ್ಕೆ ಉತ್ತರ ಕೈಯ ಅಂದಾಜು. ಅನುಭವಿ ಮೆಕ್ಯಾನಿಕ್‌ನ ಕೈಯನ್ನು ಹಗುರವಾಗಿ ಕಾಣಬಾರದು. ಆದರೆ ಆ ಕೈಗೆ ತಿಳಿಯುವುದು ಸ್ಪ್ಯಾನರ್ ತಿರುಗಲು ಎಷ್ಟು ಕಷ್ಟವಾಗುತ್ತಿದೆ ಎಂಬುದು ಮಾತ್ರ. ಎರಡು ಲೋಹದ ತುಂಡುಗಳು ಒಂದಕ್ಕೊಂದು ಎಷ್ಟು ಗಟ್ಟಿಯಾಗಿ ಒತ್ತಿಕೊಂಡಿವೆ ಎಂಬುದು ಕೈಗೆ ತಿಳಿಯುವುದಿಲ್ಲ. ಇವೆರಡರ ನಡುವಿನ ಅಂತರವೇ ಈ ಲೇಖನದ ವಿಷಯ.

ಟಾರ್ಕ್ ಎಂದರೆ ಏನು?

ತಿರುಗಿಸುವ ಬಲಕ್ಕೆ ಟಾರ್ಕ್ ಎನ್ನುತ್ತಾರೆ. ಲೆಕ್ಕ ಸರಳ: ಎಷ್ಟು ಬಲದಿಂದ ಎಳೆಯುತ್ತೀರೋ ಅದನ್ನು ಸ್ಪ್ಯಾನರ್‌ನ ಉದ್ದದಿಂದ ಗುಣಿಸಿದರೆ ಟಾರ್ಕ್ ಸಿಗುತ್ತದೆ. 40 ಸೆಂಟಿಮೀಟರ್ ಉದ್ದದ ಸ್ಪ್ಯಾನರ್‌ನ ತುದಿಯಲ್ಲಿ 25 ಕಿಲೋ ಭಾರದಷ್ಟು ಬಲ ಹಾಕಿದರೆ 10 ಕಿಲೋಗ್ರಾಂ-ಮೀಟರ್, ಅಂದರೆ ಸುಮಾರು 98 ನ್ಯೂಟನ್-ಮೀಟರ್. ಅದೇ ಬೋಲ್ಟಿಗೆ ಒಂದು ಮೀಟರ್ ಉದ್ದದ ಪೈಪ್ ತೊಡಿಸಿ ಅದೇ ಬಲದಿಂದ ಎಳೆದರೆ 245 ನ್ಯೂಟನ್-ಮೀಟರ್ ಆಗುತ್ತದೆ. ಎಳೆದವನ ಕೈಗೆ ಎರಡೂ ಒಂದೇ, ಬೋಲ್ಟಿಗೆ ಒಂದೇ ಅಲ್ಲ. ಪೈಪ್ ಹಾಕಿ ಬಿಗಿಯುವ ರೂಢಿಯಲ್ಲಿರುವ ಅಪಾಯ ಇದೇ.

ಬೋಲ್ಟಿನೊಳಗೆ ನಡೆಯುವುದು

ನಟ್ ತಿರುಗುತ್ತಾ ಹೋದಂತೆ ಬೋಲ್ಟ್ ಕೂದಲೆಳೆಯಷ್ಟು ಉದ್ದವಾಗುತ್ತದೆ. ಮತ್ತೆ ಮೊದಲಿನ ಉದ್ದಕ್ಕೆ ಮರಳಲು ಅದು ಎಳೆದುಕೊಳ್ಳುವ ಬಲವೇ ಎರಡು ಭಾಗಗಳನ್ನು ಒತ್ತಿ ಹಿಡಿಯುತ್ತದೆ. ನಮಗೆ ಬೇಕಾದದ್ದು ಈ ಒತ್ತುಬಲ. ಅದನ್ನು ನೇರವಾಗಿ ಅಳೆಯುವುದು ಗ್ಯಾರೇಜಿನಲ್ಲಿ ಸಾಧ್ಯವಿಲ್ಲದ್ದರಿಂದ ಟಾರ್ಕನ್ನು ಅಳೆಯುತ್ತೇವೆ. ನಾವು ಹಾಕುವ ಟಾರ್ಕ್‌ನಲ್ಲಿ ಸುಮಾರು ಅರ್ಧ ಭಾಗ ನಟ್ಟಿನ ತಳದ ಘರ್ಷಣೆಗೆ, ಸುಮಾರು ಶೇ 40ರಷ್ಟು ಮರೆಗಳ (ಬೋಲ್ಟ್, ನಟ್ಟುಗಳ ಸುರುಳಿ ಗೆರೆಗಳು, ಥ್ರೆಡ್) ಘರ್ಷಣೆಗೆ ಹೋಗುತ್ತದೆ. ಒತ್ತುಬಲವಾಗಿ ಉಳಿಯುವುದು ಶೇ 10ರ ಆಸುಪಾಸು ಮಾತ್ರ.

ಆ ಹತ್ತನೇ ಒಂದು ಭಾಗವೂ ಸಣ್ಣದಲ್ಲ. 12 ಮಿಲಿಮೀಟರ್ ದಪ್ಪದ ಬೋಲ್ಟಿಗೆ 80 ನ್ಯೂಟನ್-ಮೀಟರ್ ಹಾಕಿದರೆ, ಮರೆಗಳು ಸ್ವಚ್ಛವಾಗಿ ಒಣಗಿದ್ದಲ್ಲಿ, ಸುಮಾರು 3.4 ಟನ್ ಭಾರದಷ್ಟು ಒತ್ತುಬಲ ಹುಟ್ಟುತ್ತದೆ. ಮಾರುತಿ 800ರ ಮುಂಭಾಗದಲ್ಲಿ ಸ್ಟ್ರಟ್ (ಶಾಕ್ ಅಬ್ಸಾರ್ಬರ್ ಮತ್ತು ಸ್ಪ್ರಿಂಗ್ ಒಂದಾಗಿರುವ ಕಂಬ) ಮತ್ತು ಚಕ್ರ ಹೊರುವ ನಕಲ್ ಎಂಬ ಭಾಗ ಜೋಡಣೆಯಾಗಿರುವುದು ಇಂಥ ಬೋಲ್ಟುಗಳಿಂದ. ಚಕ್ರ ಗುಂಡಿಗೆ ಬಡಿದಾಗ ಆ ಹೊಡೆತವನ್ನು ಬೋಲ್ಟಿನ ಕಂಬಿ ತಡೆಯುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ನಿಜದಲ್ಲಿ ತಡೆಯುವುದು ಎರಡು ಲೋಹದ ಮುಖಗಳ ನಡುವಿನ ಹಿಡಿತ. ಒತ್ತುಬಲ ಕಡಿಮೆಯಾದರೆ ಮುಖಗಳು ಒಂದರ ಮೇಲೊಂದು ಜಾರುತ್ತವೆ, ಚಕ್ರದ ವಾಲಿಕೆ ಬದಲಾಗುತ್ತದೆ, ಟೈರ್ ಒಂದು ಬದಿ ಸವೆಯುತ್ತದೆ, ರಂಧ್ರ ಅಗಲವಾಗುತ್ತದೆ. ಒತ್ತುಬಲ ಹೆಚ್ಚಾದರೆ ಬೋಲ್ಟ್ ಮತ್ತೆ ಹಿಂದಿನ ಉದ್ದಕ್ಕೆ ಬಾರದಷ್ಟು ಎಳೆದುಹೋಗುತ್ತದೆ. ನೋಡಲು ಬಿಗಿಯಾಗಿಯೇ ಇರುತ್ತದೆ, ಮುರಿಯುವುದು ಮುಂದೊಂದು ದಿನ ರಸ್ತೆಯಲ್ಲಿ.

ಮೊದಲು ಕಾರಿನ ಗುರುತು

ಅಂಕಿ ಹುಡುಕುವ ಮೊದಲು ನಿಮ್ಮದು ಯಾವ ಕಾರು ಎಂಬುದು ಖಚಿತವಾಗಬೇಕು. ಮಾದರಿಯ ಹೆಸರು ಸಾಲದು. ‘ಮಾರುತಿ 800’ ಎಂಬ ಹೆಸರು 1983ರ ಡಿಸೆಂಬರ್‌ನಿಂದ 2014ರ ಜನವರಿಯವರೆಗೆ ನಡೆಯಿತು. ಮೊದಲು ಬಂದದ್ದು ಎಸ್‌ಎಸ್80, 1986ರಲ್ಲಿ ಬಂದದ್ದು ಎಸ್‌ಬಿ308. ಹೆಸರು ಒಂದೇ ಆದರೂ ದೇಹ ಬೇರೆ, ಕೈಪಿಡಿಯೂ ಬೇರೆ. ಆರ್‌ಸಿ ಪುಸ್ತಕದಲ್ಲಿರುವ ತಯಾರಿಕೆಯ ತಿಂಗಳು ಮತ್ತು ವರ್ಷ, ಚಾಸಿಸ್ ಸಂಖ್ಯೆ, ಎಂಜಿನ್ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿ. ಸಂಖ್ಯೆಯನ್ನು ಗಾಡಿಯ ಮೇಲೆ ಕೊರೆದಿರುವುದರೊಂದಿಗೆ ಹೋಲಿಸಿ ನೋಡಿ.

ಹಳೆಯ ಕಾರುಗಳ ವಿಷಯದಲ್ಲಿ ಇನ್ನೊಂದು ಅನುಕೂಲವಿದೆ. ನಮ್ಮ ಹಲವು ಕಾರುಗಳು ಹೊರದೇಶದಲ್ಲಿ ಬೇರೆ ಹೆಸರಿನಲ್ಲಿ ಓಡಿದವು. ಝೆನ್ ಯುರೋಪಿಗೆ ‘ಸುಜುಕಿ ಆಲ್ಟೊ’ ಎಂದು ಹೋಯಿತು. ಮಾರುತಿ 1000 ಮತ್ತು ಎಸ್ಟೀಮ್ ಜಪಾನಿನ ‘ಕಲ್ಟಸ್’ ಕುಟುಂಬದವು. ಅದೇ ಕುಟುಂಬ ಹಲವು ದೇಶಗಳಲ್ಲಿ ‘ಸ್ವಿಫ್ಟ್’, ಅಮೆರಿಕದಲ್ಲಿ ‘ಜಿಯೋ ಮೆಟ್ರೊ’. ಜಿಪ್ಸಿ ಎಂದರೆ ‘ಎಸ್‌ಜೆ410’. ಅಂಬಾಸಿಡರ್‌ನ ಮೂಲ ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಸೀರೀಸ್ 3, ಪ್ರೀಮಿಯರ್ ಪದ್ಮಿನಿಯ ಮೂಲ ಇಟಲಿಯ ಫಿಯೆಟ್ 1100. ಇಲ್ಲಿ ಸಿಗದ ಕೈಪಿಡಿ ಆ ಹೆಸರುಗಳಲ್ಲಿ ಸಿಗುವ ಸಾಧ್ಯತೆ ಇದೆ. ಅಮೆರಿಕ, ಬ್ರಿಟನ್‌ಗಳಲ್ಲಿ ನೆಂಟರಿದ್ದರೆ ಹಳೆಯ ಪುಸ್ತಕದ ಅಂಗಡಿಯಲ್ಲಿ ವಿಚಾರಿಸಲು ಹೇಳಬಹುದು.

ಆದರೆ ಕುಟುಂಬ ಒಂದೇ ಎಂದ ಮಾತ್ರಕ್ಕೆ ಅಂಕಿ ಒಂದೇ ಎಂದು ನಂಬಬಾರದು. ಹೊರದೇಶದ ಕೈಪಿಡಿಯಿಂದ ಅಂಕಿ ತೆಗೆದುಕೊಳ್ಳುವ ಮುನ್ನ ಮೂರನ್ನು ನಿಮ್ಮ ಬೋಲ್ಟಿನ ಮೇಲೆಯೇ ಪರೀಕ್ಷಿಸಿ: ದಪ್ಪ, ಮರೆಗಳ ನಡುವಿನ ಅಂತರ, ತಲೆಯ ಮೇಲಿನ ಗುರುತು. ಮೂರರಲ್ಲಿ ಒಂದು ಹೊಂದದಿದ್ದರೂ ಆ ಅಂಕಿ ನಿಮ್ಮ ಕಾರಿನದಲ್ಲ.

ತಲೆಯ ಮೇಲಿನ ಗುರುತನ್ನು ಓದುವುದು ಕಷ್ಟವಲ್ಲ. ವೈರ್ ಬ್ರಷ್‌ನಿಂದ ತುಕ್ಕು ಉಜ್ಜಿ, ಟಾರ್ಚ್ ಬೆಳಕನ್ನು ಅಡ್ಡದಿಂದ ಬಿಟ್ಟರೆ ಉಬ್ಬಿದ ಅಕ್ಷರ ಕಾಣುತ್ತದೆ. 8.8 ಎಂದಿದ್ದರೆ ಆ ಉಕ್ಕು ಒಂದು ಚದರ ಮಿಲಿಮೀಟರಿಗೆ 800 ನ್ಯೂಟನ್ ಎಳೆತದವರೆಗೆ ಹರಿಯದೆ ನಿಲ್ಲಬಲ್ಲದು, ಅದರ ಹತ್ತರಲ್ಲಿ ಎಂಟು ಭಾಗದವರೆಗೆ ಶಾಶ್ವತವಾಗಿ ಹಿಗ್ಗದೆ ಇರಬಲ್ಲದು. 10.9 ಇನ್ನೂ ಗಟ್ಟಿ. ಜಪಾನಿ ಮೂಲದ ಹಳೆಯ ಕಾರುಗಳಲ್ಲಿ 4 ಅಥವಾ 7 ಎಂಬ ಒಂಟಿ ಅಂಕಿ ಇರುತ್ತದೆ. 4 ಮೃದು, 7 ಗಟ್ಟಿ. ಇಂಚು ಲೆಕ್ಕದ ಬೋಲ್ಟುಗಳಲ್ಲಿ ಅಂಕಿಯ ಬದಲು ಗೆರೆಗಳಿರಬಹುದು. ಅಮೆರಿಕದ ಕ್ರಮದಲ್ಲಿ ಮೂರು ಗೆರೆ ಎಂದರೆ ಗ್ರೇಡ್ 5, ಆರು ಗೆರೆ ಎಂದರೆ ಗ್ರೇಡ್ 8. ಅಂಬಾಸಿಡರ್‌ನಲ್ಲಿ ಇದು ಇನ್ನಷ್ಟು ಗೋಜಲು. ಮೂಲ ಇಂಗ್ಲಿಷ್ ಕಾರಾದ್ದರಿಂದ ಬೋಲ್ಟುಗಳು ಇಂಚಿನ ಲೆಕ್ಕದವು, 1990ರ ದಶಕದಲ್ಲಿ ಬಂದ ಇಸುಜು ಎಂಜಿನ್ ಮಿಲಿಮೀಟರ್ ಲೆಕ್ಕದ್ದು. ಒಂದೇ ಕಾರಿನಲ್ಲಿ ಎರಡೂ ಇರುವುದರಿಂದ ಒಂದರ ನಟ್ಟನ್ನು ಇನ್ನೊಂದಕ್ಕೆ ಒತ್ತಾಯದಿಂದ ತಿರುಗಿಸಿ ಮರೆ ಹಾಳು ಮಾಡುವ ಸಂಭವ ಹೆಚ್ಚು.

ಅಂಕಿ ಇರುವ ಜಾಗ

ಕಾರಿನ ಜೊತೆ ಮಾಲೀಕರಿಗೆ ಕೊಡುವ ಪುಟ್ಟ ಪುಸ್ತಕದಲ್ಲಿ ಹೆಚ್ಚೆಂದರೆ ಚಕ್ರದ ನಟ್ಟುಗಳ ಅಂಕಿ ಇರುತ್ತದೆ. ಸಸ್ಪೆನ್ಷನ್ ಅಂಕಿಗಳು ಇರುವುದು ಕಂಪನಿ ತನ್ನ ವರ್ಕ್‌ಶಾಪ್‌ಗಳಿಗಾಗಿ ಮುದ್ರಿಸುವ ಸರ್ವಿಸ್ ಮ್ಯಾನುಯಲ್‌ನಲ್ಲಿ. 1980 ಮತ್ತು 90ರ ದಶಕದ ಸುಜುಕಿ ಮ್ಯಾನುಯಲ್‌ಗಳಲ್ಲಿ ಮೂರನೆಯ ವಿಭಾಗ ಸ್ಟೀರಿಂಗ್, ಸಸ್ಪೆನ್ಷನ್, ಚಕ್ರಗಳಿಗೆ ಮೀಸಲು. ಅದರಲ್ಲಿ 3ಡಿ ಎಂದರೆ ಮುಂದಿನ ಸಸ್ಪೆನ್ಷನ್, 3ಇ ಎಂದರೆ ಹಿಂದಿನದು. ಪ್ರತಿ ಉಪವಿಭಾಗದ ಕೊನೆಯಲ್ಲಿ ಒಂದು ಪಟ್ಟಿ ಇರುತ್ತದೆ. ಎಡಗಡೆ ಬೋಲ್ಟಿನ ಹೆಸರು, ಬಲಗಡೆ ಬಿಗಿತ.

ಹೆಚ್ಚಿನವರು ಆ ಪಟ್ಟಿಯ ಚಿತ್ರವೊಂದನ್ನು ಮೊಬೈಲಿಗೆ ತರಿಸಿಕೊಂಡು ಕೆಲಸ ಆರಂಭಿಸುತ್ತಾರೆ. ಪಟ್ಟಿಯಲ್ಲಿ ಷರತ್ತುಗಳು ಇರುವುದಿಲ್ಲ. ‘ಗಾಡಿಯನ್ನು ನೆಲಕ್ಕೆ ಇಳಿಸಿದ ಮೇಲೆ ಬಿಗಿಯಿರಿ’, ‘ಹೊಸ ನಟ್ ಬಳಸಿ’ ಎಂಬ ಸೂಚನೆಗಳು ಭಾಗವನ್ನು ಕೂಡಿಸುವ ವಿಧಾನ ವಿವರಿಸುವ ಪುಟಗಳಲ್ಲಿ, ಚಿತ್ರದ ಕೆಳಗೆ ಇರುತ್ತವೆ. ಪಟ್ಟಿ ಮತ್ತು ಆ ಪುಟಗಳನ್ನು ಒಟ್ಟಿಗೆ ಓದಬೇಕು.

ಕಂಪನಿಯ ಮ್ಯಾನುಯಲ್ ಸಿಗದಿದ್ದರೆ ಬ್ರಿಟನ್ನಿನ ಹೇನ್ಸ್, ಅಮೆರಿಕದ ಚಿಲ್ಟನ್‌ನಂಥ ಪ್ರಕಾಶನಗಳ ಕೈಪಿಡಿಗಳು ಎರಡನೆಯ ಆಯ್ಕೆ. ಕಂಪನಿಯ ಅಧಿಕೃತ ವರ್ಕ್‌ಶಾಪಿನಲ್ಲಿ ಹಿರಿಯ ಸರ್ವಿಸ್ ಅಡ್ವೈಸರ್ ಒಬ್ಬರನ್ನು ವಿಚಾರಿಸಿದರೆ, ಚಾಸಿಸ್ ಸಂಖ್ಯೆ ನೋಡಿ ಹಳೆಯ ಮ್ಯಾನುಯಲ್ ತೆಗೆದುಕೊಡುವುದೂ ಉಂಟು. ಯಾರೋ ಬರೆದ ಒಂಟಿ ಅಂಕಿ, ಅದು ಯಾವ ಮಾದರಿಗೆ, ಯಾವ ವರ್ಷಕ್ಕೆ, ಯಾವ ಪುಟದಿಂದ ಎಂಬುದು ಗೊತ್ತಾಗದಿದ್ದರೆ ಬಳಸುವಂಥದ್ದಲ್ಲ. ಎರಡು ಬೇರೆ ಬೇರೆ ಕಡೆ ಅದೇ ಅಂಕಿ ಕಂಡಿತು ಎನ್ನುವುದೂ ಖಾತರಿಯಲ್ಲ, ಒಬ್ಬರದನ್ನು ಇನ್ನೊಬ್ಬರು ನಕಲು ಮಾಡಿರಬಹುದು.

ಕಂಪನಿಯದಲ್ಲದ ಬಿಡಿಭಾಗ ಹಾಕುತ್ತಿದ್ದರೆ ಅದರ ಪೆಟ್ಟಿಗೆಯನ್ನೂ ನೋಡಿ. ಲಿಂಕ್ ರಾಡ್, ಬಾಲ್ ಜಾಯಿಂಟ್‌ಗಳು ಮೂಲ ಭಾಗಕ್ಕಿಂತ ಬೇರೆ ಅಳತೆಯ ನಟ್ಟಿನೊಂದಿಗೆ ಬರುವುದುಂಟು. ಆಗ ತಯಾರಕರು ಕೊಟ್ಟ ಅಂಕಿಗೇ ಮನ್ನಣೆ.

ಮೂರು ಕಾಲಮ್, ಮೂರು ಮಾನ

ಸುಜುಕಿಯ ಹಳೆಯ ಪಟ್ಟಿಯಲ್ಲಿ ಒಂದೇ ಬಿಗಿತವನ್ನು ಮೂರು ಮಾನಗಳಲ್ಲಿ ಕೊಟ್ಟಿರುತ್ತಾರೆ. ಒಂದು ಸಾಲು ಹೀಗಿರುತ್ತದೆ ಎಂದುಕೊಳ್ಳಿ: 70–90, ಅದರ ಪಕ್ಕ 7.0–9.0, ಅದರ ಪಕ್ಕ 51–65. ಮೊದಲನೆಯದು ನ್ಯೂಟನ್-ಮೀಟರ್, ಎರಡನೆಯದು ಕಿಲೋಗ್ರಾಂ-ಮೀಟರ್, ಮೂರನೆಯದು ಪೌಂಡ್-ಅಡಿ. ಇದು ಓದುವ ಕ್ರಮ ತೋರಿಸಲು ಕೊಟ್ಟ ಮಾದರಿ ಸಾಲು, ಯಾವುದೇ ಕಾರಿನ ನಿರ್ದಿಷ್ಟ ಬೋಲ್ಟಿನದಲ್ಲ.

51ನ್ನು ನ್ಯೂಟನ್-ಮೀಟರ್ ಎಂದು ಓದಿದರೆ ಬೇಕಾದ್ದಕ್ಕಿಂತ ನಾಲ್ಕನೇ ಒಂದು ಭಾಗದಷ್ಟು ಕಡಿಮೆ ಬಿಗಿಯಾಗುತ್ತದೆ. 90ನ್ನು ಪೌಂಡ್-ಅಡಿ ಎಂದು ಓದಿದರೆ 122 ನ್ಯೂಟನ್-ಮೀಟರ್ ಆಗಿ ಮಿತಿ ಮೀರುತ್ತದೆ. ಇದನ್ನು ತಪ್ಪಿಸಲು ಎರಡು ಲೆಕ್ಕ ನೆನಪಿದ್ದರೆ ಸಾಕು. ಕಿಲೋಗ್ರಾಂ-ಮೀಟರನ್ನು ಹತ್ತರಿಂದ ಗುಣಿಸಿದರೆ ಹೆಚ್ಚುಕಡಿಮೆ ನ್ಯೂಟನ್-ಮೀಟರ್ (ನಿಖರವಾಗಿ 9.81). ನ್ಯೂಟನ್-ಮೀಟರ್‌ನ ಮುಕ್ಕಾಲು ಭಾಗ ಹೆಚ್ಚುಕಡಿಮೆ ಪೌಂಡ್-ಅಡಿ (ನಿಖರವಾಗಿ 0.738). ಮೂರು ಕಾಲಮ್‌ಗಳು ಈ ಲೆಕ್ಕಕ್ಕೆ ಹೊಂದದಿದ್ದರೆ ಎಲ್ಲೋ ಮುದ್ರಣದೋಷವಿದೆ ಎಂದರ್ಥ. ಮಸುಕಾದ ನಕಲು ಪ್ರತಿಗಳಲ್ಲಿ ದಶಮಾಂಶದ ಚುಕ್ಕೆ ಅಳಿಸಿಹೋಗಿರುವುದೂ ಇದರಿಂದಲೇ ಬಯಲಾಗುತ್ತದೆ. ಸಣ್ಣ ಬೋಲ್ಟುಗಳಿಗೆ ಪೌಂಡ್-ಇಂಚಿನಲ್ಲಿ ಅಂಕಿ ಕೊಟ್ಟಿದ್ದರೆ 12ರಿಂದ ಭಾಗಿಸಿ ಪೌಂಡ್-ಅಡಿಗೆ ತನ್ನಿ.

70–90 ಎಂಬ ವ್ಯಾಪ್ತಿ ಕೊಟ್ಟಾಗ ನಡುವಿನ 80ಕ್ಕೆ ಟಾರ್ಕ್ ರೆಂಚ್ (ಹೊಂದಿಸಿದ ಬಿಗಿತ ಬಂದಾಗ ‘ಕ್ಲಿಕ್’ ಎನ್ನುವ ಸ್ಪ್ಯಾನರ್) ಹೊಂದಿಸಿಕೊಳ್ಳುವುದು ಸುರಕ್ಷಿತ.

ಅಂಕಿಯ ಜೊತೆಗೆ ಬರುವ ಷರತ್ತುಗಳು

ಮೊದಲನೆಯದು ಎಣ್ಣೆ. ವಿಶೇಷ ಸೂಚನೆ ಇಲ್ಲದಿದ್ದರೆ ಸಸ್ಪೆನ್ಷನ್ ಅಂಕಿಗಳು ಸ್ವಚ್ಛವಾದ, ಒಣಗಿದ ಮರೆಗಳಿಗೆ ಎಂದು ತಿಳಿಯಬೇಕು. ಮುಂದೆ ಬಿಚ್ಚಲು ಸುಲಭವಾಗಲಿ ಎಂದು ಗ್ರೀಸ್ ಸವರಿದರೆ ಘರ್ಷಣೆ ಇಳಿಯುತ್ತದೆ. ಹಾಕಿದ ಟಾರ್ಕ್ ಅದೇ ಆದರೂ ಒತ್ತುಬಲ ಮೂರನೇ ಒಂದು ಭಾಗದಷ್ಟು ಏರಬಹುದು. ಮೇಲೆ ಹೇಳಿದ 3.4 ಟನ್ 4.5 ಟನ್ ಆಗುತ್ತದೆ. ತುಕ್ಕು ಇದಕ್ಕೆ ವಿರುದ್ಧ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ವರ್ಷಗಟ್ಟಲೆ ನಿಂತ ಕಾರಿನ ಬೋಲ್ಟಿನಲ್ಲಿ ಟಾರ್ಕ್ ಎಲ್ಲಾ ತುಕ್ಕಿನ ಘರ್ಷಣೆಗೇ ಖರ್ಚಾಗಿ, ಒತ್ತುಬಲ ಬರುವ ಮೊದಲೇ ರೆಂಚ್ ‘ಕ್ಲಿಕ್’ ಎನ್ನುತ್ತದೆ. ಮರೆ ಉಜ್ಜಿ ನಟ್ ಬೆರಳಿನಿಂದ ಸರಾಗವಾಗಿ ಕೊನೆಯವರೆಗೆ ಓಡಬೇಕು. ಓಡದಿದ್ದರೆ ಅದೇ ದರ್ಜೆಯ ಹೊಸ ಬೋಲ್ಟ್ ಹಾಕಿ.

ಎರಡನೆಯದು ರಬ್ಬರ್ ಬುಷ್. ನಮ್ಮಲ್ಲಿ ಅತಿ ಹೆಚ್ಚು ಕಡೆಗಣಿಸಲ್ಪಡುವುದು ಇದೇ, ಹೊಸ ಬುಷ್ ಬೇಗ ಹಾಳಾಗಲು ಬಹುಮಟ್ಟಿಗೆ ಕಾರಣವೂ ಇದೇ. ಲೋವರ್ ಆರ್ಮ್‌ನ (ಚಕ್ರವನ್ನು ಕೆಳಗಡೆ ಕಾರಿನ ದೇಹಕ್ಕೆ ಜೋಡಿಸುವ ತೋಳು) ಬುಷ್ ಎಂದರೆ ಹೊರಗೆ ಒಂದು ಲೋಹದ ಕೊಳವೆ, ಒಳಗೆ ಒಂದು ಲೋಹದ ಕೊಳವೆ, ನಡುವೆ ಎರಡಕ್ಕೂ ಅಂಟಿದ ರಬ್ಬರ್. ಬೋಲ್ಟ್ ಬಿಗಿಯಾದಾಗ ಒಳಕೊಳವೆ ಕಾರಿನ ದೇಹಕ್ಕೆ ಕಚ್ಚಿಕೊಳ್ಳುತ್ತದೆ, ಮತ್ತೆ ತಿರುಗುವುದಿಲ್ಲ. ಆರ್ಮ್ ಮೇಲೆ ಕೆಳಗೆ ಆಡುವಾಗ ತಿರುಚಿಕೊಳ್ಳುವುದು ರಬ್ಬರ್ ಮಾತ್ರ. ಈಗ ಕಾರು ಜ್ಯಾಕ್ ಮೇಲಿದೆ, ಚಕ್ರ ಕೆಳಗೆ ಜೋತುಬಿದ್ದಿದೆ, ಆ ಸ್ಥಿತಿಯಲ್ಲೇ ಬೋಲ್ಟ್ ಬಿಗಿದಿರಿ ಎನ್ನಿ. ಕಾರನ್ನು ಇಳಿಸಿದ ಕೂಡಲೇ ಆರ್ಮ್ ಮೇಲಕ್ಕೇರುತ್ತದೆ, ರಬ್ಬರ್ ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಳ್ಳುತ್ತದೆ. ಕಾರು ಸುಮ್ಮನೆ ನಿಂತಿದ್ದರೂ ಆ ತಿರುಚು ಬಿಡುವುದಿಲ್ಲ. ಅದರ ಮೇಲೆ ರಸ್ತೆಯ ಪ್ರತಿ ಉಬ್ಬಿಗೂ ಇನ್ನಷ್ಟು ತಿರುಚು ಸೇರಿ ರಬ್ಬರ್ ಬೇಗ ಹರಿಯುತ್ತದೆ. ಟಾರ್ಕ್ ಅಂಕಿ ಸರಿಯಾಗಿಯೇ ಇತ್ತು, ಹಾಕಿದ ಸ್ಥಿತಿ ತಪ್ಪಾಗಿತ್ತು.

ಸರಿಯಾದ ಕ್ರಮ ಹೀಗೆ: ಬುಷ್ ಹಾದುಹೋಗುವ ಎಲ್ಲ ಬೋಲ್ಟುಗಳನ್ನು ಮೊದಲು ಕೈಬಿಗಿಗೆ ಮಾತ್ರ ತನ್ನಿ. ಕಾರು ತನ್ನ ಚಕ್ರಗಳ ಮೇಲೆ ನಿಂತು, ಮುಂದೆ ಹಿಂದೆ ಉರುಳಿಸಿ, ಬಾನೆಟ್ ಒತ್ತಿ ಸಸ್ಪೆನ್ಷನ್ ತನ್ನ ಎತ್ತರಕ್ಕೆ ಕುಳಿತ ಮೇಲೆ ಕೊನೆಯ ಟಾರ್ಕ್ ಹಾಕಿ. ಇದಕ್ಕೆ ನಮ್ಮ ಸರ್ವಿಸ್ ಸ್ಟೇಷನ್‌ಗಳ ಪಿಟ್ ಹೇಳಿ ಮಾಡಿಸಿದ ಜಾಗ. ಬರೀ ಜ್ಯಾಕ್ ನಂಬಿ ಕಾರಿನ ಅಡಿಗೆ ಹೋಗಲೇಬಾರದು.

ಮೂರನೆಯದು ಬಾಲ್ ಜಾಯಿಂಟ್ ಮತ್ತು ಟೈ ರಾಡ್ ಎಂಡ್‌ಗಳ (ಸ್ಟೀರಿಂಗ್‌ನ ಎಳೆತವನ್ನು ಚಕ್ರಕ್ಕೆ ಒಯ್ಯುವ ಸರಳಿನ ತುದಿ) ಕ್ಯಾಸಲ್ ನಟ್. ತಲೆಯಲ್ಲಿ ಸೀಳುಗಳಿರುವ ಈ ನಟ್ಟಿನ ಮೂಲಕ ಸ್ಪ್ಲಿಟ್ ಪಿನ್ ತೂರಿಸಬೇಕು. ನಿಗದಿತ ಟಾರ್ಕ್‌ಗೆ ಬಂದಾಗ ಸೀಳು ಮತ್ತು ರಂಧ್ರ ಒಂದೇ ಗೆರೆಗೆ ಬಾರದಿದ್ದರೆ ನಟ್ಟನ್ನು ಬಿಗಿಯುವ ದಿಕ್ಕಿನಲ್ಲೇ ತುಸು ಮುಂದೆ ತಿರುಗಿಸಿ. ಹಿಂದಕ್ಕೆ ಸಡಿಲಿಸಿ ಪಿನ್ ಹಾಕುವುದು ಕೂಡದು. ಹಳೆಯ ಪಿನ್ ಮತ್ತೆ ಬಳಸುವುದೂ ಕೂಡದು. ಒಳಗೆ ನೈಲಾನ್ ಉಂಗುರವಿರುವ ನಟ್ ಒಮ್ಮೆ ಬಿಚ್ಚಿದ ಮೇಲೆ ಹಿಡಿತ ಕಳೆದುಕೊಳ್ಳುತ್ತದೆ, ಹೊಸದನ್ನೇ ಹಾಕಿ.

ನಾಲ್ಕನೆಯದು ಕೋನ. ಕೆಲವು ಕಾರುಗಳಲ್ಲಿ, ಮುಖ್ಯವಾಗಿ ಜರ್ಮನ್ ಕಾರುಗಳಲ್ಲಿ, ‘ಇಷ್ಟು ನ್ಯೂಟನ್-ಮೀಟರ್, ಆಮೇಲೆ 90 ಡಿಗ್ರಿ’ ಎಂದಿರುತ್ತದೆ. ಮೊದಲು ಟಾರ್ಕ್ ಹಾಕಿ, ಬಣ್ಣದಿಂದ ಗುರುತು ಮಾಡಿ, ನಂತರ ಕಾಲು ಸುತ್ತು ತಿರುಗಿಸಬೇಕು. ಹೀಗೆ ಬಿಗಿದ ಬೋಲ್ಟುಗಳನ್ನು ಬಿಚ್ಚಿದಾಗ ಸಾಮಾನ್ಯವಾಗಿ ಹೊಸದು ಹಾಕಲು ಮ್ಯಾನುಯಲ್ ಹೇಳುತ್ತದೆ.

ರೆಂಚ್ ಹಿಡಿಯುವ ಮುನ್ನ

ಟಾರ್ಕ್ ರೆಂಚನ್ನು ಅದರ ಗರಿಷ್ಠ ಅಳತೆಯ ಶೇ 20ಕ್ಕಿಂತ ಕೆಳಗೆ ನಂಬಬೇಡಿ. ಹಿಡಿಯ ಗುರುತಿನ ಮೇಲೆಯೇ ಕೈಯಿಟ್ಟು ನಿಧಾನವಾಗಿ ಎಳೆಯಿರಿ, ಒಂದು ಕ್ಲಿಕ್ ಕೇಳಿದರೆ ನಿಲ್ಲಿಸಿ. ಬಿಚ್ಚಲು ಇದನ್ನು ಬಳಸಬೇಡಿ. ಕೆಲಸ ಮುಗಿದ ಮೇಲೆ ಅದರ ಕನಿಷ್ಠ ಅಳತೆಗೆ ಇಳಿಸಿ ಇಡಿ. ಸಾಕೆಟ್‌ಗೆ ನೇರವಾದ ಎಕ್ಸ್‌ಟೆನ್ಷನ್ ಹಾಕಿದರೆ ಅಂಕಿ ಬದಲಾಗುವುದಿಲ್ಲ. ಆದರೆ ಜಾಗ ಸಾಲದೆ ರೆಂಚಿನ ಮುಂದಕ್ಕೆ ಚಾಚಿಕೊಳ್ಳುವ ಅಡಾಪ್ಟರ್ ಹಾಕಿದರೆ ಸ್ಪ್ಯಾನರ್ ಉದ್ದವಾದಂತಾಗುತ್ತದೆ. 400 ಮಿಲಿಮೀಟರ್ ರೆಂಚಿಗೆ 50 ಮಿಲಿಮೀಟರ್ ಅಡಾಪ್ಟರ್ ನೇರ ಮುಂದಕ್ಕೆ ಸೇರಿದರೆ, 90 ಬೇಕಾದಲ್ಲಿ ರೆಂಚನ್ನು 80ಕ್ಕೆ ಇಡಬೇಕು.

ಇನ್ನೊಂದು ಎಚ್ಚರ. ಸ್ಟ್ರಟ್‌ನ ನೆತ್ತಿಯ ನಡು ನಟ್ಟನ್ನು ಸ್ಪ್ರಿಂಗ್ ಕಂಪ್ರೆಸರ್ ಹಾಕದೆ ಬಿಚ್ಚಿದರೆ ಒಳಗೆ ಒತ್ತಿಟ್ಟ ಸ್ಪ್ರಿಂಗ್ ಹಾರಿ ಪ್ರಾಣಕ್ಕೇ ಕುತ್ತು ಬರಬಹುದು. ಆ ಕೆಲಸವನ್ನು ಸಲಕರಣೆ ಇರುವವರಿಗೇ ಬಿಡಿ. ಸ್ಟ್ರಟ್, ಟೈ ರಾಡ್ ಸಡಿಲಿಸಿದ್ದರೆ ವೀಲ್ ಅಲೈನ್‌ಮೆಂಟ್ ಮಾಡಿಸಬೇಕು.

ಅಂಕಿ ಎಲ್ಲಿಯೂ ಸಿಗದಿದ್ದರೆ

ಬೋಲ್ಟಿನ ದಪ್ಪ ಮತ್ತು ದರ್ಜೆ ನೋಡಿ ಬಿಗಿತ ಹೇಳುವ ಸಾಮಾನ್ಯ ಪಟ್ಟಿಗಳಿವೆ. ಒಣಗಿದ 8.8 ಬೋಲ್ಟಿಗೆ ಸುಮಾರಾಗಿ 8 ಮಿಲಿಮೀಟರ್ ದಪ್ಪಕ್ಕೆ 25, 10 ಮಿಲಿಮೀಟರಿಗೆ 50, 12 ಮಿಲಿಮೀಟರಿಗೆ 85 ನ್ಯೂಟನ್-ಮೀಟರ್. ಸುಜುಕಿ ಮ್ಯಾನುಯಲ್‌ನ ಆರಂಭದ ಸಾಮಾನ್ಯ ಮಾಹಿತಿ ವಿಭಾಗದಲ್ಲೂ ಇಂಥ ಪಟ್ಟಿ ಇರುತ್ತದೆ, ಪ್ರತ್ಯೇಕ ಅಂಕಿ ಕೊಡದ ಬೋಲ್ಟುಗಳಿಗಾಗಿ.

ಇದನ್ನು ಬಳಸುವ ಜಾಗ ಕಿರಿದು. ಉಕ್ಕಿನ ಬ್ರಾಕೆಟನ್ನು ಉಕ್ಕಿನ ದೇಹಕ್ಕೆ ಒತ್ತಿ ಹಿಡಿಯುವ ಸರಳ ಬೋಲ್ಟಿಗೆ ಸರಿ. ಅಲ್ಯೂಮಿನಿಯಂ ಒಳಗೆ ಹೋಗುವ ಬೋಲ್ಟಿಗೆ ಬೇಡ, ಮರೆ ಕಿತ್ತುಬರುತ್ತದೆ. ಸ್ಟೆಬಿಲೈಸರ್ ಬಾರ್‌ನ (ತಿರುವಿನಲ್ಲಿ ಕಾರು ವಾಲುವುದನ್ನು ತಗ್ಗಿಸುವ ಸರಳು) ತುದಿಯಲ್ಲಿ ರಬ್ಬರನ್ನೇ ಅದುಮುವ ನಟ್ಟಿಗೆ ಬೇಡ. ಬಾಲ್ ಜಾಯಿಂಟ್‌ನಂತೆ ತುದಿಗೆ ಕಿರಿದಾಗುವ ಕಂಬಿ ರಂಧ್ರದಲ್ಲಿ ಕಚ್ಚಿ ಕೂರುವ ಜೋಡಣೆಗೆ ಬೇಡ. ಚಕ್ರದ ನಡುವಿನ ಹಬ್ ನಟ್ಟಿಗೆ ಅಂತೂ ಬೇಡವೇ ಬೇಡ. ಚಕ್ರದ ಬೇರಿಂಗ್ ಮೇಲಿನ ಒತ್ತಡ ನಿರ್ಧಾರವಾಗುವುದು ಆ ನಟ್ಟಿನಿಂದ. ಈ ನಾಲ್ಕಕ್ಕೆ ನಿಮ್ಮ ಕಾರಿನದೇ ಅಂಕಿ ಕೈಗೆ ಸಿಗುವವರೆಗೆ ಕೆಲಸ ನಿಲ್ಲಿಸಿ, ಗಾಡಿಯನ್ನು ಸ್ಟ್ಯಾಂಡ್ ಮೇಲೆಯೇ ಬಿಡಿ.